ಗಿಟುಕಿನ ಸದ್ದು

ಮದುವೆ ವಿಡಿಯೋ ತೆಗೆಯುತ್ತಿದ್ದ ಕಾಲದಲ್ಲಿ ನನ್ನ ಕೆಲಸ ಏನು ಅಂತ ಅಮ್ಮನಿಗೆ ಗೊತ್ತಿತ್ತು. ಪೆನ್‌ಡ್ರೈವ್ ಟಿವಿಗೆ ಚುಚ್ಚಿ ಮೂರು ಗಂಟೆ ಕೂತು ನೋಡುತ್ತಿದ್ದಳು. 'ಧಾರೆ ಹೊತ್ತಲ್ಲಿ ಹುಡುಗಿ ಸೋದರಮಾವನ ಮುಖಾನೇ ಬಂದಿಲ್ವಲ್ಲೋ' ಅಂತ ತಪ್ಪು ಹುಡುಕುತ್ತಿದ್ದಳು. ಈಗ ಜಾಹೀರಾತುಗಳಿಗೆ ಕಚ್ಚಾ ಫೂಟೇಜ್ ತೆಗೆದುಕೊಡುತ್ತೇನೆ. ಅದನ್ನು ಅಮ್ಮನಿಗೆ ಹೇಗೆ ತೋರಿಸಲಿ? ಎರಡು ಗಂಟೆಯ ಫೂಟೇಜಿನಲ್ಲಿ ಜಾಹೀರಾತಿಗೆ ಹೋಗುವುದು ಹತ್ತೋ ಹನ್ನೆರಡೋ ಸೆಕೆಂಡ್. ಅದೂ ನಾನು ಚೆನ್ನಾಗಿದೆ ಅಂದುಕೊಂಡ ಹನ್ನೆರಡು ಸೆಕೆಂಡ್ ಆಗಿರುವುದಿಲ್ಲ. ಮಿಕ್ಕಿದ್ದನ್ನು ನೋಡುವವರು ಒಬ್ಬರೇ, ಬೆಂಗಳೂರಿನ ಯಾವುದೋ ಕತ್ತಲೆ ರೂಮಿನಲ್ಲಿ ಎಸಿ ಹಾಕಿಕೊಂಡು ಕೂತ ಎಡಿಟರ್.

ನನ್ನ ಪಾಲು ಇಷ್ಟೇ. ಏಜೆನ್ಸಿಯವರು 'ತುಮಕೂರು ಸೈಡಲ್ಲಿ ಒಂದು ದಿನದ ಕೆಲಸ ಇದೆ' ಅನ್ನುತ್ತಾರೆ. ಹೋಗಿ ಶೂಟ್ ಮಾಡುತ್ತೇನೆ. ಸಂಜೆ ಕಾಪಿ ಮಾಡಿ, ಹೆಸರಿಟ್ಟು, ಹಾರ್ಡ್ ಡಿಸ್ಕ್ ಯಾರ ಕೈಲಾದರೂ ಬೆಂಗಳೂರಿಗೆ ಕಳಿಸುತ್ತೇನೆ. 70 ಕಿಲೋಮೀಟರ್ ಅಷ್ಟೇ ಅಲ್ವಾ, ದಿನಾ ರೈಲಿನಲ್ಲಿ ಹೋಗಿ ಬರುವ ಗೆಳೆಯರು ನಾಲ್ಕು ಜನ ಇದ್ದಾರೆ. ಇಂಟರ್‌ನೆಟ್ಟಿಗಿಂತ ಅವರೇ ಬೇಗ. ತಮಾಷೆ ಅಲ್ಲ, ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ಆಗುತ್ತದೆ. ಎರಡು ಗಂಟೆಗೆ 90. ನಮ್ಮ ಮನೆಯ ಕನೆಕ್ಷನ್ನಿನಲ್ಲಿ ಅದನ್ನು ಅಪ್‌ಲೋಡಿಗೆ ಹಾಕಿ ಮಲಗಿದರೆ ರಾತ್ರಿ ಕರೆಂಟು ಹೋಗಿ, ಬೆಳಿಗ್ಗೆ ಎದ್ದಾಗ ಅರ್ಧಕ್ಕೆ ನಿಂತಿರುತ್ತದೆ.

ತಿಪಟೂರಿನ ಶೂಟ್ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಪ್ಯಾಕೆಟ್ ಕೊಬ್ಬರಿ ಮಾರುವವರ ಜಾಹೀರಾತು. ತುಮಕೂರು ಜಿಲ್ಲೆಯನ್ನು ಕಲ್ಪತರು ನಾಡು ಅಂತ ಬೋರ್ಡಿನ ಮೇಲೆಲ್ಲ ಬರೆದುಕೊಳ್ಳುತ್ತೇವೆ. ಆದರೆ ಕೊಬ್ಬರಿ ಹೇಗಾಗುತ್ತದೆ ಅಂತ ತುಮಕೂರು ಪೇಟೆಯಲ್ಲೇ ಹುಟ್ಟಿ ಬೆಳೆದ ನನಗೂ ಕೊಬ್ಬರಿಯ ಕೆಲಸ ಸಿಗುವವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಒಡೆದು ಬಿಸಿಲಿಗೆ ಒಣಗಿಸುತ್ತಾರೆ ಅಂದುಕೊಂಡಿದ್ದೆ. ಅದು ಬೇರೆ ಕೊಬ್ಬರಿ. ತಿಪಟೂರಿನದು ಉಂಡೆ ಕೊಬ್ಬರಿ. ಗಿಟುಕು ಅನ್ನುತ್ತಾರಲ್ಲ, ಅದು. ಚೆನ್ನಾಗಿ ಬಲಿತ ಕಾಯನ್ನು ಒಡೆಯದೆ ಅಟ್ಟಕ್ಕೆ ಹಾಕುತ್ತಾರೆ. ಎಂಟು ತಿಂಗಳು, ಹತ್ತು ತಿಂಗಳು, ಕೆಲವು ಸಲ ವರ್ಷದ ಹತ್ತಿರ. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಗ ಕಾಯನ್ನು ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ಆ ಸದ್ದು ಬಂದರೆ ಗಿಟುಕು ಆಗಿದೆ ಅಂತ. ಆಮೇಲೆ ಸುಲಿದು, ಚಿಪ್ಪನ್ನು ಹುಷಾರಾಗಿ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುತ್ತಾರೆ.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ಎಡವಟ್ಟು ಆಗಿದ್ದು ಇಲ್ಲೇ.

ಅಟ್ಟದ ಮೇಲೆ ಬೆಳಕು ಕಡಿಮೆ. ಹೆಂಚಿನ ಸಂದಿಯಿಂದ ನಾಲ್ಕು ಕೋಲು ಬಿಸಿಲು ಇಳಿದಿತ್ತು. ಅದರಲ್ಲಿ ನಾರಿನ ಧೂಳು ಎದ್ದು ಕಾಣುತ್ತಿತ್ತು. ಯಜಮಾನರು 'ತಡೀರಿ, ಲೈಟ್ ಹಾಕ್ತೀನಿ' ಅಂತ ಟ್ಯೂಬ್‌ಲೈಟ್ ಹಾಕಲು ಹೋದರು. ಬೇಡ ಸಾರ್ ಅಂದೆ. ನಮ್ಮ ಕರೆಂಟು 50 ಹರ್ಟ್ಸ್. ಅಂದರೆ ಹಳೇ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಟುಕುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಸೆಕೆಂಡಿಗೆ 25 ಚಿತ್ರ, ಅಂದರೆ 25 ಫ್ರೇಮಿನಲ್ಲಿ, ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತನ್ನು, ಅಂದರೆ ಷಟರನ್ನು, ಸೆಕೆಂಡಿನ 1/50 ಇಟ್ಟರೆ ತೊಂದರೆ ಇಲ್ಲ. ಶುರುವಿನಲ್ಲಿ ನಾನು ಯೂಟ್ಯೂಬಿನಲ್ಲಿ ಅಮೆರಿಕದವರು ಹೇಳಿಕೊಟ್ಟ ಹಾಗೆ 30 ಫ್ರೇಮು, 1/60 ಅಂತ ಇಟ್ಟು, ಒಂದು ಬಟ್ಟೆ ಅಂಗಡಿಯ ಇಡೀ ದಿನದ ಕೆಲಸದಲ್ಲಿ ಗೋಡೆ ಮೇಲೆಲ್ಲ ಪಟ್ಟೆ ಪಟ್ಟೆ ನೆರಳು ಓಡಾಡುವ ಹಾಗೆ ಮಾಡಿಕೊಂಡು ಬಂದಿದ್ದೆ. ಅವರ ಊರಿನ ಕರೆಂಟು 60 ಹರ್ಟ್ಸ್, ಅವರಿಗೆ ಅದು ಸರಿ. ಸ್ಲೋ ಮೋಷನ್‌ಗೆ 100 ಫ್ರೇಮಿಗೆ ಹೋದಾಗಂತೂ ಟ್ಯೂಬ್‌ಲೈಟ್ ಆರಿಸಿಬಿಡುವುದೇ ವಾಸಿ.

ಆವತ್ತು ನನಗೆ ಸ್ಲೋ ಮೋಷನ್ ಹುಚ್ಚು ಹಿಡಿದಿತ್ತು. ಆ ಬಿಸಿಲುಕೋಲು, ಆ ಧೂಳು, ಯಜಮಾನರ ಕೈ. ಅವರು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಂದು ಕ್ಷಣ ಕೇಳುತ್ತಾರೆ, ಬುಟ್ಟಿಗೆ ಹಾಕುತ್ತಾರೆ. ಹನ್ನೆರಡು ಸಲ ಮಾಡಿಸಿದೆ. ಪಾಪ, ಬೇಜಾರಿಲ್ಲದೆ ಮಾಡಿದರು. ಮಾನಿಟರಿನಲ್ಲಿ ನೋಡಿ 'ಇದೇನಪ್ಪಾ ಮಂಜು ಬಿದ್ದಂಗೈತೆ, ನಿಮ್ಮ ಕ್ಯಾಮೆರಾ ಸರಿ ಇಲ್ವಾ' ಅಂದರು. ಎಲ್ಲರೂ ಹೀಗೇ ಕೇಳುತ್ತಾರೆ. ಲಾಗ್ ಅಂತ ಒಂದು ಸೆಟಿಂಗ್ ಇದೆ, ಅದರಲ್ಲಿ ಚಿತ್ರ ಬೂದಿ ಬಳಿದ ಹಾಗೆ ಕಾಣುತ್ತದೆ. ಬಿಸಿಲಿನ ವಿವರವೂ ಉಳಿಯಲಿ, ಕತ್ತಲೆಯ ವಿವರವೂ ಉಳಿಯಲಿ, ಬಣ್ಣ ಆಮೇಲೆ ಬೆಂಗಳೂರಿನಲ್ಲಿ ಹಾಕಿಕೊಳ್ಳಲಿ ಅಂತ. ಅದಕ್ಕೆ 10 ಬಿಟ್ ಬೇಕು. 8 ಬಿಟ್ಟಿನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್ಟಿನಲ್ಲಿ 1024. ಮೆಟ್ಟಿಲು ಕಡಿಮೆ ಇದ್ದರೆ ಬಣ್ಣ ಹಿಗ್ಗಿಸಿದಾಗ ಆಕಾಶ ತುಂಡು ತುಂಡಾಗಿ ಕಾಣುತ್ತದೆ. ಇದನ್ನೆಲ್ಲ ಯಜಮಾನರಿಗೆ ಹೇಳುವುದಕ್ಕಾಗುತ್ತಾ? 'ಇದು ಹಸಿ ಅಡಿಗೆ ಸಾರ್, ಒಗ್ಗರಣೆ ಅವರು ಹಾಕ್ತಾರೆ' ಅಂದೆ. ಅರ್ಥ ಆಯಿತು ಅವರಿಗೆ.

ಒಂದು ವಾರ ಆದ ಮೇಲೆ ಎಡಿಟರ್ ಫೋನ್ ಮಾಡಿದರು. ಚಿಕ್ಕ ವಯಸ್ಸಿನ ಹುಡುಗಿ, ಯಾವತ್ತೂ ಮುಖ ನೋಡಿಲ್ಲ, ದನಿ ಮಾತ್ರ ಗೊತ್ತು. 'ಸರ್, ಕಾಯಿ ಅಲ್ಲಾಡಿಸೋ ಶಾಟ್ ತುಂಬಾ ಚೆನ್ನಾಗಿದೆ. ಸೌಂಡ್ ಎಲ್ಲಿ?'

ಸೌಂಡ್ ಇರಲಿಲ್ಲ. ನನ್ನ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ಮೋಡಿಗೆ ಹಾಕಿದರೆ ಆಡಿಯೋ ರೆಕಾರ್ಡೇ ಆಗುವುದಿಲ್ಲ. ನನಗೆ ಗೊತ್ತಿಲ್ಲದ ವಿಷಯ ಅಲ್ಲ ಅದು. 'ಸೌಂಡ್ ಬೇಡ, ಮ್ಯೂಸಿಕ್ ಹಾಕ್ತೀವಿ' ಅಂತ ಏಜೆನ್ಸಿಯವರು ವಾಟ್ಸಾಪಿನಲ್ಲಿ ಹೇಳಿದ್ದರು, ಹಾಗಾಗಿ ರೆಕಾರ್ಡರನ್ನು ಬ್ಯಾಗಿನಿಂದ ತೆಗೆದಿರಲಿಲ್ಲ. ಸೌಂಡ್ ಬೇಡ ಅಂದವರ ಮಾತು ನಂಬಬಾರದು. ಕೂತು ಎಡಿಟ್ ಮಾಡುವಾಗ ಎಲ್ಲರಿಗೂ ಬೇಕಾಗುತ್ತದೆ. ಕಾಯಿ ಆಗಿದೆಯೋ ಇಲ್ಲವೋ ಅಂತ ಕಿವಿಯಿಂದ ನೋಡುವ ಕೆಲಸವನ್ನು ನಾನು ಹನ್ನೆರಡು ಸಲ, ನಾಲ್ಕು ಪಟ್ಟು ನಿಧಾನದಲ್ಲಿ, ಮೂಕಿ ಮಾಡಿ ಕಳಿಸಿದ್ದೆ.

ಅದಕ್ಕೂ ಮುಂಚೆ ನನ್ನ ಎಡವಟ್ಟುಗಳು ಹೆಚ್ಚಾಗಿ ಶೂಟ್ ಆದ ಮೇಲಿನವು. ಕಾಪಿ ಮಾಡುವಾಗಿನವು. ಕ್ಯಾತ್ಸಂದ್ರದಲ್ಲಿ ಒಂದು ತಟ್ಟೆ ಇಡ್ಲಿ ಹೋಟೆಲಿಗೆ ಮಾಡಿದ ಕೆಲಸ ನೆನಪಾಗುತ್ತದೆ. ಬೆಳಗಿನ ಜಾವ ಐದಕ್ಕೆ ಹೋಗಿದ್ದೆವು. ಹಬೆ ಕ್ಯಾಮೆರಾದಲ್ಲಿ ಕಾಣಬೇಕಾದರೆ ಹಿಂದೆ ಕತ್ತಲೆ ಇರಬೇಕು, ಹಬೆಯ ಬೆನ್ನಿಗೆ ಬೆಳಕು ಬೀಳಬೇಕು. ಹೊತ್ತು ಹುಟ್ಟಿ ಗೋಡೆ ಬೆಳ್ಳಗಾದ ಮೇಲೆ ಎಷ್ಟು ಹಬೆ ಬಂದರೂ ಕಾಣಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವ ಶಾಟು, ಬಟ್ಟೆಯಿಂದ ಇಡ್ಲಿ ಎತ್ತುವ ಶಾಟು, ಬೆಣ್ಣೆ ಕರಗುವ ಶಾಟು ಎಲ್ಲ ಸಿಕ್ಕಿತ್ತು. ಖುಷಿಯಲ್ಲಿ ಎರಡೆರಡು ತಿಂದು ಮನೆಗೆ ಬಂದೆವು. ನಮ್ಮ ಹುಡುಗ ಲ್ಯಾಪ್‌ಟಾಪಿಗೆ ಕಾಪಿ ಮಾಡಲು ಕೂತ. ಎರಡು ಕಾರ್ಡು. ಎರಡರಲ್ಲೂ ಕ್ಲಿಪ್ಪುಗಳು ಸಿ0001ರಿಂದ ಶುರು. ಯಾಕೆಂದರೆ ಫಾರ್ಮ್ಯಾಟ್ ಮಾಡಿದಾಗ ನಂಬರ್ ಮೊದಲಿನಿಂದ ಶುರುವಾಗುವ ಹಾಗೆ ಸೆಟಿಂಗ್ ಇಟ್ಟಿದ್ದೆ. ಎರಡೂ ಕಾರ್ಡನ್ನು ಒಂದೇ ಫೋಲ್ಡರಿಗೆ ಎಳೆದುಹಾಕಿದ. ಕಂಪ್ಯೂಟರು ಕೇಳಿತು, ಹಳೇದನ್ನು ತೆಗೆದು ಹೊಸದನ್ನು ಹಾಕಲಾ ಅಂತ. ಹುಡುಗ ಹೂಂ ಅಂದ. ಹೊಟ್ಟೆ ತುಂಬಿದ ಮೇಲೆ ಎಲ್ಲದಕ್ಕೂ ಹೂಂ ಅನ್ನುತ್ತೇವೆ.

ಮುಚ್ಚಳ ತೆಗೆಯುವ ಶಾಟು ಹೋಯಿತು. ಹಬೆ ಎಲ್ಲ ಹೋಯಿತು. ಹುಡುಗನ ಮುಖ ಬಿಳಿಚಿಕೊಂಡಿತು. 'ಅಣ್ಣಾ, ನಾಳೆ ಬೆಳಿಗ್ಗೆ ಮತ್ತೆ ಹೋಗೋಣ, ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ' ಅಂದ. ಪುಣ್ಯಕ್ಕೆ ಕಾರ್ಡನ್ನು ಇನ್ನೂ ಅಳಿಸಿರಲಿಲ್ಲ. ಮತ್ತೆ ಕಾಪಿ ಮಾಡಿಕೊಂಡೆವು. ಆವತ್ತಿನಿಂದ ಒಂದೊಂದು ಕಾರ್ಡಿಗೆ ಒಂದೊಂದು ಫೋಲ್ಡರು. ಕಾರ್ಡಿನೊಳಗಿನ ಫೋಲ್ಡರುಗಳನ್ನು ಹೇಗಿದೆಯೋ ಹಾಗೇ ಇಡಿಯಾಗಿ ತೆಗೆದುಕೊಳ್ಳುತ್ತೇವೆ, ವಿಡಿಯೋ ಫೈಲನ್ನು ಮಾತ್ರ ಹೆಕ್ಕಿಕೊಳ್ಳುವುದಿಲ್ಲ, ಏಕೆಂದರೆ ಪಕ್ಕದಲ್ಲಿರುವ ಪುಟಾಣಿ ಫೈಲುಗಳಲ್ಲಿ ಆ ಕ್ಲಿಪ್ಪಿನ ಜಾತಕ ಇರುತ್ತದೆ. ಕಾಪಿ ಆದ ಮೇಲೆ ಚೆಕ್‌ಸಮ್ ಹಾಕಿ, ಅಂದರೆ ಫೈಲಿನ ಬೆರಳಚ್ಚಿನಂಥ ಒಂದು ಸಂಖ್ಯೆ ತೆಗೆದು, ಎರಡೂ ಕಡೆ ಒಂದೇ ಇದೆಯಾ ಅಂತ ತಾಳೆ ನೋಡುತ್ತೇವೆ. ಏಜೆನ್ಸಿಯವರು 'ಬಂತು, ತೆರೆದು ನೋಡಿದೆವು' ಅನ್ನುವವರೆಗೆ ಕಾರ್ಡು ಅಳಿಸುವುದಿಲ್ಲ. ಮೂರು ಪ್ರತಿ, ಎರಡು ಬಗೆಯ ಡಬ್ಬ, ಒಂದು ಬೇರೆ ಊರಿನಲ್ಲಿ ಅಂತ ಒಂದು ಲೆಕ್ಕ ಇದೆ, 3-2-1 ಅನ್ನುತ್ತಾರೆ. ಪೀಟರ್ ಕ್ರೋ ಅನ್ನುವ ಛಾಯಾಗ್ರಾಹಕರಿಂದ ಹೆಸರಾಗಿದ್ದು. ನನ್ನ ಬೇರೆ ಊರು ಅಂದರೆ ಗುಬ್ಬಿಯ ಅಕ್ಕನ ಮನೆ ಬೀರು. ಸೀರೆಗಳ ನಡುವೆ ನಾಲ್ಕು ಹಾರ್ಡ್ ಡಿಸ್ಕ್ ಇವೆ. 'ನಿನ್ನ ಡಬ್ಬಗಳ ಜೊತೆ ನುಸಿಗುಳಿಗೆ ಇಡಬಹುದೇನೋ' ಅಂತ ಅಕ್ಕ ಒಂದು ಸಲ ಕೇಳಿದ್ದಳು.

(ಗುಬ್ಬಿ ಅಂದ ಕೂಡಲೇ ಇನ್ನೊಂದು ಮಾತು. ಆ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಶುರುವಾಯಿತು. 'ತೋಟದ ಮೇಲೆ ಒಂದು ಡ್ರೋನ್ ಶಾಟ್ ಹಾಕ್ರಿ' ಅನ್ನುವವರು ಅದನ್ನು ಮರೆಯುತ್ತಾರೆ. ಡ್ರೋನ್ ಎಲ್ಲಿ ಹಾರಿಸಬಹುದು, ಎಲ್ಲಿ ಹಾರಿಸಬಾರದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪ್ ನೋಡದೆ ನಾನು ಡ್ರೋನ್ ಡಬ್ಬ ತೆಗೆಯುವುದಿಲ್ಲ. ಜಾಹೀರಾತು ಬರುತ್ತದೆ ಹೋಗುತ್ತದೆ.)

ಈ ಕಾಪಿ, ಚೆಕ್‌ಸಮ್ ಎಲ್ಲ ಅಭ್ಯಾಸದಿಂದ ಬರುತ್ತದೆ. ಕಷ್ಟ ಇರುವುದು ಬೇರೆ ಕಡೆ. ಫೂಟೇಜ್ ನೋಡುವ ಎಡಿಟರ್ ಆ ಜಾಗಕ್ಕೆ ಬಂದಿರುವುದಿಲ್ಲ. ಅಟ್ಟದ ವಾಸನೆ ಗೊತ್ತಿಲ್ಲ, ಯಜಮಾನರು ಎಂಥವರು ಅಂತ ಗೊತ್ತಿಲ್ಲ, ಯಾವುದು ಮೊದಲು ಯಾವುದು ಆಮೇಲೆ ಅಂತಾನೂ ಗೊತ್ತಿಲ್ಲ. ಹಿಂದೊಮ್ಮೆ ಮಾಡಿದ ಕೊಬ್ಬರಿ ಕೆಲಸದಲ್ಲಿ ಇನ್ನೊಬ್ಬ ಎಡಿಟರ್ ಮೊದಲು ಉಂಡೆ ತೆಗೆಯುವುದನ್ನು ತೋರಿಸಿ, ಆಮೇಲೆ ಕಾಯಿ ಸುಲಿಯುವುದನ್ನು ಹಾಕಿದ್ದ. ಸುಲಿಯುವ ಶಾಟು ಜೋರಾಗಿದೆ, ಕೊನೆಗೆ ಇರಲಿ ಅಂತ. ಅವನ ತಪ್ಪಲ್ಲ. ನಾನು ಹೇಳಿರಲಿಲ್ಲ. ಆಮೇಲಿಂದ ಪ್ರತಿ ಡಿಸ್ಕಿನ ಜೊತೆ ಒಂದು ಪುಟದ ಚೀಟಿ ಇಡುತ್ತೇನೆ. ಯಾವ ಕ್ಲಿಪ್ ಏನು, ಕೆಲಸದ ಕ್ರಮ ಏನು, ಯಾವುದನ್ನು ಏನಂತ ಕರೆಯುತ್ತಾರೆ, ಯಾರ ಸಹಿ ಆಗಿದೆ, ಯಾರ ಮುಖ ತೋರಿಸಬಾರದು.

ಸಹಿಯದೇ ಒಂದು ಕಥೆ. ಯಜಮಾನರ ತಾಯಿ ಒಬ್ಬ ಅಜ್ಜಿ ಇದ್ದರು. ಬಾಗಿಲ ಹತ್ತಿರ ಕೂತು ಎಲ್ಲ ನೋಡುತ್ತಿದ್ದರು. ಅವರ ಮುಖವೂ ಎರಡು ಶಾಟಿನಲ್ಲಿ ಬಂದಿತ್ತು, ಹಾಗಾಗಿ ಒಪ್ಪಿಗೆ ಪತ್ರ ಮುಂದೆ ಹಿಡಿದೆ. 'ಯಾತಕ್ಕಪ್ಪ ಸೈನು? ಸಾಲಕ್ಕಾ?' ಅಂದರು. ಅಲ್ಲಜ್ಜಿ, ನಿಮ್ಮ ಮುಖ ಟಿವಿಲಿ ಬರುತ್ತೆ, ಅದಕ್ಕೆ ಅಂದೆ. 'ಮುಖ ತಗಳ್ಳಕ್ಕೆ ಮುಂಚೆ ಕೇಳ್ಬೇಕಿತ್ತು ನೀನು' ಅಂದು, ಕನ್ನಡಕ ತರಿಸಿಕೊಂಡು, ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದರು. ಅವರು ಹೇಳಿದ್ದು ಸರಿ. ಈಗ ಮುಂಚೆಯೇ ಕೇಳುತ್ತೇನೆ.

ಕ್ಯಾಮೆರಾ ಬೇಗ ಆನ್ ಮಾಡಿ, ತಡವಾಗಿ ಆಫ್ ಮಾಡುವುದನ್ನೂ ಎಡಿಟರುಗಳ ಬೈಗುಳದಿಂದಲೇ ಕಲಿತೆ. ಮದುವೆಯಲ್ಲಿ ಬ್ಯಾಟರಿ ಉಳಿಸುವ ಬುದ್ಧಿ ಬೆಳೆದಿರುತ್ತದೆ. ತಾಳಿ ಕಟ್ಟಿದ ತಕ್ಷಣ ಕಟ್. ಜಾಹೀರಾತಿನಲ್ಲಿ ಹಿಂದೆ ಐದು ಸೆಕೆಂಡ್, ಮುಂದೆ ಐದು ಸೆಕೆಂಡ್ ಜಾಸ್ತಿ ಇರಬೇಕು. ಕತ್ತರಿ ಆಡಿಸಲು ಬಟ್ಟೆ ಬೇಕಲ್ಲ. ಅದಕ್ಕಿಂತ ಹೆಚ್ಚಾಗಿ, ಜನ ಸಹಜವಾಗಿ ಇರುವುದು ಆ ಐದೈದು ಸೆಕೆಂಡಿನಲ್ಲೇ. ಆಕ್ಷನ್ ಅಂದ ಕೂಡಲೇ ಯಜಮಾನರ ಬೆನ್ನು ನೆಟ್ಟಗಾಗುತ್ತಿತ್ತು, ಮುಖ ಪಾಸ್‌ಪೋರ್ಟ್ ಫೋಟೋ ಆಗುತ್ತಿತ್ತು. ಕಟ್ ಅಂದ ಮೇಲೆ ಉಸಿರು ಬಿಟ್ಟು, ಕೈಲಿದ್ದ ಕಾಯನ್ನು ಸುಮ್ನೆ ಸವರುತ್ತಿದ್ದರು. ಕೊನೆಗೆ ಜಾಹೀರಾತಿಗೆ ಹೋಗಿದ್ದು ಆ ಸವರಿದ್ದೇ.

ಅಡ್ಡಕ್ಕೋ ಉದ್ದಕ್ಕೋ ಅನ್ನುವ ಜಗಳ ಈಗ ಎಲ್ಲ ಕೆಲಸದಲ್ಲೂ ಇದೆ. ಟಿವಿಗೆ ಅಡ್ಡ, ರೀಲ್ಸಿಗೆ ಉದ್ದ. ನಾನು 4ಕೆಯಲ್ಲಿ ಅಡ್ಡಕ್ಕೇ ತೆಗೆದು, ಮುಖ್ಯವಾದದ್ದನ್ನು ನಡುವೆ ಇಡುತ್ತೇನೆ. 3840 ಅಗಲ, 2160 ಎತ್ತರ. ನಡುವಿನಿಂದ ಉದ್ದಕ್ಕೆ ಕತ್ತರಿಸಿದರೆ 1215 ಅಗಲ ಸಿಗುತ್ತದೆ, ಫೋನಿಗೆ 1080 ಸಾಕು. ಹೀಗೆ ತೆಗೆದರೆ ಅಡ್ಡ ಚಿತ್ರ ಸ್ವಲ್ಪ ಸಪ್ಪೆ ಆಗುತ್ತದೆ ಅನ್ನುವುದು ನಿಜ. ಎಲ್ಲರೂ ನಡುವೆ ನಿಂತಿರುತ್ತಾರೆ, ಶಾಲೆ ಗ್ರೂಪ್ ಫೋಟೋ ತರಹ. ಇನ್ನು ಗಿರಾಕಿಗಳು ತಮ್ಮ ಫೋನಿನಲ್ಲಿ ತೆಗೆದ ವಿಡಿಯೋ ವಾಟ್ಸಾಪಿನಲ್ಲಿ ಕಳಿಸಿ 'ಇದನ್ನೂ ಸೇರಿಸಿ' ಅನ್ನುವುದಿದೆಯಲ್ಲ, ಅದರ ಬಗ್ಗೆ ಏನೂ ಬರೆಯುವುದಿಲ್ಲ. ವಾಟ್ಸಾಪು ಅದನ್ನು ಹಿಂಡಿ ಕುಗ್ಗಿಸದ ಹಾಗೆ ಡಾಕ್ಯುಮೆಂಟ್ ಅಂತ ಕಳಿಸಿ, ಇಷ್ಟೇ ನನ್ನ ಕೋರಿಕೆ.

ಮತ್ತೆ ಸದ್ದಿಗೆ ಬರುತ್ತೇನೆ. ಎಡಿಟರ್ ಕೇಳಿದ ಮೂರನೇ ದಿನ ರೆಕಾರ್ಡರ್ ತೆಗೆದುಕೊಂಡು ಬೆಳಗಿನ ರೈಲಿಗೆ ತಿಪಟೂರಿಗೆ ಹೋದೆ. ಹೋದರೆ ಆ ಕಾಯಿ ಇಲ್ಲ. ನಾನು ಶೂಟ್ ಮಾಡಿದ ಲಾಟನ್ನು ಒಡೆದು, ಎಪಿಎಂಸಿಗೆ ಹಾಕಿ ಆಗಿತ್ತು. ಅಟ್ಟದ ಇನ್ನೊಂದು ಮಗ್ಗುಲಲ್ಲಿ ಇದ್ದದ್ದು ಐದಾರು ತಿಂಗಳ ಹಿಂದೆ ಹಾಕಿದ್ದು. ಅಜ್ಜಿ ಊರಿನಲ್ಲಿರಲಿಲ್ಲ, ಮಗಳ ಮನೆಗೆ ಹೋಗಿದ್ದರು. ಯಜಮಾನರು 'ಇದಿನ್ನೂ ಆಗಿಲ್ಲ ಕಣಪ್ಪ, ಇನ್ನೂ ಮೂರ್ನಾಲ್ಕು ತಿಂಗ್ಳು ಬೇಕು' ಅಂದರು. ನನಗೆ ಮಧ್ಯಾಹ್ನದ ರೈಲು ಹಿಡಿಯಬೇಕಿತ್ತು. ಇರಲಿ ಸಾರ್, ಸದ್ದು ತಾನೇ ಅಂದೆ. ಐದಾರು ಕಾಯಿ ಅಲ್ಲಾಡಿಸಿಸಿ, ಅದರಲ್ಲಿ ಜಾಸ್ತಿ ಸದ್ದು ಬಂದದ್ದನ್ನು ಹತ್ತಿರದಿಂದ ರೆಕಾರ್ಡ್ ಮಾಡಿಕೊಂಡೆ. ಬರೀ ಅಟ್ಟದ ನಿಶ್ಶಬ್ದವನ್ನೂ ಅರ್ಧ ನಿಮಿಷ ಹಿಡಿದೆ. ಅದು ಬೇಕಾಗುತ್ತದೆ, ಶಾಟುಗಳ ನಡುವೆ ತೇಪೆ ಹಾಕಲು. ಫೈಲಿಗೆ 'ಗಿಟುಕು ಸದ್ದು' ಅಂತ ಹೆಸರಿಟ್ಟು ಕಳಿಸಿದೆ. ಚೀಟಿಯಲ್ಲೂ ಅಷ್ಟೇ ಬರೆದೆ. ಕಾಯಿ ಇನ್ನೂ ಆಗಿರಲಿಲ್ಲ ಅಂತ ಬರೆಯಲಿಲ್ಲ. ಮರೆತೆ ಅಂತ ಹೇಳಬಹುದಿತ್ತು, ಮರೆತಿರಲಿಲ್ಲ.

'ಸೂಪರ್ ಸರ್! ಎಷ್ಟು ಫ್ರೆಶ್ ಆಗಿ ಕೇಳ್ಸತ್ತೆ' ಅಂತ ಉತ್ತರ ಬಂತು.

20 ಸೆಕೆಂಡಿನ ಜಾಹೀರಾತು. ಚೆನ್ನಾಗಿಯೇ ಬಂದಿತ್ತು. ಬಿಸಿಲುಕೋಲು, ಧೂಳು, ಕೈ, ಸದ್ದು, ಪ್ಯಾಕೆಟ್. ಮೋಸದ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ತಂದಿದೆ, ಜಾಹೀರಾತಿನವರೇ 1985ರಲ್ಲಿ ಕಟ್ಟಿಕೊಂಡ ಎಎಸ್‌ಸಿಐ ಅನ್ನುವ ಸಂಸ್ಥೆಯೂ ಇದೆ. ಒಂದು ಕಾಯಿಯ ಚಿತ್ರಕ್ಕೆ ಇನ್ನೊಂದು ಕಾಯಿಯ ಸದ್ದು ಹಾಕಿದರೆ ಯಾರೂ ಕೇಳುವುದಿಲ್ಲ. ಸಿನಿಮಾದಲ್ಲಿ ಕುದುರೆ ಓಡುವ ಸದ್ದನ್ನು ತೆಂಗಿನ ಚಿಪ್ಪಿನಲ್ಲೇ ಮಾಡುತ್ತಿದ್ದರಂತಲ್ಲ. ಹಾಗಂತ ನನಗೆ ನಾನೇ ಹೇಳಿಕೊಂಡೆ.

ಮುಂದಿನ ಸಲ ಆ ಕಡೆ ಕೆಲಸ ಬಿದ್ದಾಗ ಅವರ ಮನೆಗೆ ಹೋಗಿ ಫೋನಿನಲ್ಲಿ ತೋರಿಸಿದೆ. ಯಜಮಾನರು ನಾಚಿಕೊಂಡು ನಕ್ಕರು. ಮೊಮ್ಮಕ್ಕಳು ಹತ್ತು ಸಲ ಹಾಕಿಸಿಕೊಂಡು ನೋಡಿದರು. ಅಜ್ಜಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಫೋನನ್ನು ಕಿವಿಗೆ ಹಿಡಿದುಕೊಂಡರು. ಕಾಯಿ ಹಿಡಿದ ಹಾಗೇ. ಕೇಳಿ, ಫೋನ್ ವಾಪಸ್ ಕೊಟ್ಟು ಅಂದರು:

'ಇದ್ರಲ್ಲಿ ಇನ್ನೂ ನೀರೈತೆ ಕಣಪ್ಪ. ಯಾವ್ದೋ ಹಸಿ ಕಾಯಿ.'

ಕಚೇರಿಯಲ್ಲಿ ಎಷ್ಟು ಜನ ದುಬಾರಿ ಹೆಡ್‌ಫೋನ್ ಹಾಕಿಕೊಂಡು ಕೇಳಿದ್ದರೋ. ಆಮೇಲೆ ನಾನೂ ರಾತ್ರಿ ಮನೆಯಲ್ಲಿ ಕೂತು ಕೇಳಿದೆ. ನಿಜ, ಲೊಡಲೊಡದ ಕೆಳಗೆ ಸಣ್ಣಗೆ ಗುಳುಗುಳು ಇದೆ. ಆ ಹುಡುಗಿಗೆ ಫ್ರೆಶ್ ಅಂತ ಕೇಳಿಸಿದ್ದು ಅದೇ ನೀರು. ವರ್ಷವಿಡೀ ಒಣಗಿಸಿ ಮಾಡುವ ಪದಾರ್ಥಕ್ಕೆ.

ನಾಲ್ಕು ತಿಂಗಳು ಬಿಟ್ಟು ಮತ್ತೆ ಹೋದೆ. ಈ ಸಲ ಕ್ಯಾಮೆರಾ ಇಲ್ಲ, ರೆಕಾರ್ಡರ್ ಮಾತ್ರ. ಯಾರೂ ಕೇಳಿರಲಿಲ್ಲ, ಯಾರೂ ದುಡ್ಡು ಕೊಡುವುದಿಲ್ಲ, ರೈಲಿನ ಟಿಕೆಟು ನನ್ನದೇ. ಪಕ್ಕದ ತೋಟದಲ್ಲಿ ಪಂಪ್‌ಸೆಟ್ ಓಡುತ್ತಿತ್ತು. ಕರೆಂಟು ಹೋಗುವವರೆಗೆ ಕಾದೆವು. ಅಜ್ಜಿ ಅಟ್ಟ ಹತ್ತುವ ಹಾಗಿಲ್ಲ, ಮೊಮ್ಮಗ ಬುಟ್ಟಿಯಲ್ಲಿ ಕಾಯಿ ಇಳಿಸಿ ತಂದ. ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು 'ಇದು ಆಗೈತೆ, ಇದು ಇಲ್ಲ, ಇದು ಕೆಟ್ಟೈತೆ' ಅಂತ ಬೇರೆ ಬೇರೆ ಇಟ್ಟರು. ಕೊನೆಗೆ ಒಂದನ್ನು ಆರಿಸಿ ನನ್ನ ಮೈಕಿನ ಮುಂದೆ ಹಿಡಿದು ಅಲ್ಲಾಡಿಸಿದರು. ಮರದ ಡಬ್ಬದಲ್ಲಿ ಮರದ ಗೋಲಿ ಉರುಳಿದ ಹಾಗೆ. ಗಟ್ಟಿ, ಚಿಕ್ಕದು, ಎಲ್ಲೂ ತೇವ ಇಲ್ಲ. 40 ಸೆಕೆಂಡ್.

ಆ ಫೈಲಿಗೆ ಉದ್ದನೆಯ ಹೆಸರಿಟ್ಟೆ. ಊರು, ತಾರೀಖು, ಅಟ್ಟಕ್ಕೆ ಹಾಕಿ ಎಷ್ಟು ತಿಂಗಳು, ಆರಿಸಿದವರು ಯಾರು. ಜಾಹೀರಾತು ಇನ್ನೂ ಅಲ್ಲಲ್ಲಿ ಓಡುತ್ತಿತ್ತು, ಆದರೆ ಬದಲಾಯಿಸಬಹುದೇನೋ ಅಂತ ಎಡಿಟರಿಗೆ ಕಳಿಸಿದೆ. ಈ ಸಲ ಚೀಟಿಯಲ್ಲಿ ಎಲ್ಲವನ್ನೂ ಬರೆದಿದ್ದೆ.

ಎರಡು ದಿನ ಬಿಟ್ಟು ಉತ್ತರ ಬಂತು. 'ಥ್ಯಾಂಕ್ಸ್ ಸರ್. ಕೇಳಿದ್ವಿ. ಇದು ಸ್ವಲ್ಪ ಡ್ರೈ ಅನ್ನಿಸ್ತಿದೆ, ಹಳೇದೇ ಇರಲಿ.'

ಅಜ್ಜಿಗೆ ಇನ್ನೂ ಹೇಳಿಲ್ಲ.